ಪ್ಯಾನ್ ಗುಂಡಿಯ ಪೂರ್ವಚರಿತ್ರೆ

ಧ್ವನಿಮುದ್ರಿತ ಹಾಡಿನ ಪದರಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ ಹದಗೊಳಿಸುವ ತಂತ್ರಾಂಶಕ್ಕೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಎಂದು ಹೆಸರು. ಅದರ ಪ್ರತಿಯೊಂದು ಟ್ರ್ಯಾಕಿಗೂ ಇರುವ ಪ್ಯಾನ್ ಗುಂಡಿಯು ಆ ಧ್ವನಿ ಎಡಬಲಗಳ ನಡುವೆ ಎಲ್ಲಿಂದ ಕೇಳಿಬರಬೇಕೆಂಬುದನ್ನು ನಿರ್ಧರಿಸುತ್ತದೆ. ಈ ಗುಂಡಿಯ ಇತಿಮಿತಿಗಳನ್ನು ತಂತ್ರಾಂಶದ ದೋಷಗಳೆಂದು ಭಾವಿಸುವವರು ಹಲವರಾದರೂ, ಅವುಗಳಲ್ಲಿ ಮುಖ್ಯವಾದವು 1930ರ ದಶಕದಿಂದ ಬಂದ ಬಳುವಳಿ.

ಶಬ್ದದ ದಿಕ್ಕನ್ನು ಮನುಷ್ಯ ಎರಡು ಸುಳಿವುಗಳಿಂದ ಗುರುತಿಸುತ್ತಾನೆಂದು ಲಾರ್ಡ್ ರೇಲಿ 1907ರಲ್ಲಿ ವಿವರಿಸಿದ್ದರು: ಒಂದು, ಎರಡು ಕಿವಿಗಳಿಗೆ ಕೇಳುವ ಪ್ರಮಾಣದಲ್ಲಿನ ವ್ಯತ್ಯಾಸ, ಇನ್ನೊಂದು, ಶಬ್ದವು ಎರಡೂ ಕಿವಿಗಳನ್ನು ತಲುಪುವ ಹೊತ್ತಿನಲ್ಲಿನ ವ್ಯತ್ಯಾಸ. ಎರಡನೆಯದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆಯಾದರೂ ಮಂದ್ರ ಸ್ವರಗಳ ದಿಕ್ಕನ್ನು ತಿಳಿಸುವುದು ಮುಖ್ಯವಾಗಿ ಅದೇ. 1931ರ ಡಿಸೆಂಬರಿನಲ್ಲಿ ಸ್ಟೀರಿಯೋ ಕುರಿತ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಇಎಂಐ ಸಂಸ್ಥೆಯ ಎಂಜಿನಿಯರ್ ಅಲನ್ ಬ್ಲೂಮ್ಲೈನ್ ಇಲ್ಲೊಂದು ಸೂಕ್ಷ್ಮವನ್ನು ಕಂಡುಕೊಂಡರು. ಎರಡು ಧ್ವನಿವರ್ಧಕಗಳಿಂದ ಬರುವ ಶಬ್ದದಲ್ಲಿ ಪ್ರಮಾಣವನ್ನಷ್ಟೇ ಹೆಚ್ಚುಕಡಿಮೆ ಮಾಡಿದರೂ, ಪ್ರತಿ ಕಿವಿಗೂ ಎರಡೂ ಧ್ವನಿವರ್ಧಕಗಳ ಶಬ್ದ ತಲುಪಿ ಬೆರೆಯುವುದರಿಂದ, ಮಂದ್ರ ಸ್ವರಗಳಲ್ಲಿ ಕಾಲವ್ಯತ್ಯಾಸವು ತಾನಾಗಿಯೇ ಮೂಡುತ್ತದೆ. ಸ್ಟೀರಿಯೋದ ಇಡೀ ಸೌಧ ನಿಂತಿರುವುದು ಈ ಬೆರಕೆಯ ಮೇಲೆ. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೂ ಒಂದೊಂದೇ ಧ್ವನಿ ತಲುಪುವ ಕಾರಣ ಆ ಬೆರಕೆ ಇಲ್ಲವಾಗಿ, ಪೂರ್ತಿ ಎಡಕ್ಕೆ ಸರಿಸಿದ ವಾದ್ಯವು ಕಿವಿಗೇ ಅಂಟಿಕೊಂಡಂತೆ ಅಸಹಜವಾಗಿ ಕೇಳುತ್ತದೆ.

ಇಂದಿನ ಗುಂಡಿಯ ನೇರ ಪೂರ್ವಜ ಸಿದ್ಧವಾದದ್ದು 1940ರಲ್ಲಿ ತೆರೆಕಂಡ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರಕ್ಕೆ. ವಿಲಿಯಂ ಗ್ಯಾರಿಟಿ ಮತ್ತು ಜಾನ್ ಹಾಕಿನ್ಸ್ ಅದಕ್ಕಾಗಿ ರೂಪಿಸಿದ ‘ಪ್ಯಾನ್‌ಪಾಟ್’ ಧ್ವನಿಯನ್ನು ಪರದೆಯ ಉದ್ದಕ್ಕೂ ಚಲಿಸುವಂತೆ ಮಾಡಿತು. ಆದರೆ ಅದೂ ಹಂಚುತ್ತಿದ್ದುದು ಪ್ರಮಾಣವನ್ನು ಮಾತ್ರ. ಮುಂದಿನ ಮಿಶ್ರಣ ಫಲಕಗಳು ಈ ಪದ್ಧತಿಯನ್ನೇ ಅನುಸರಿಸಿದವು, ತಂತ್ರಾಂಶಗಳು ಆ ಫಲಕಗಳನ್ನು ಅನುಕರಿಸಿದವು.

ಫಲಕಗಳ ಜೊತೆಗೆ ಅವುಗಳ ಭಿನ್ನಾಭಿಪ್ರಾಯವೂ ಬಂದಿತು. ನಡುವಿನಲ್ಲಿರುವ ಧ್ವನಿ ಎರಡೂ ಕಡೆಯಿಂದ ಹೊಮ್ಮುವುದರಿಂದ ಅದನ್ನು ಕೊಂಚ ತಗ್ಗಿಸಬೇಕು. ಎಷ್ಟು ತಗ್ಗಿಸಬೇಕೆಂಬ ನಿಯಮಕ್ಕೆ ‘ಪ್ಯಾನ್ ಲಾ’ ಎನ್ನುತ್ತಾರೆ. ಕೋಣೆಯಲ್ಲಿ ಕೇಳುವಾಗ 3 ಡೆಸಿಬಲ್ ಸರಿಯೆನಿಸಿದರೆ, ಎರಡು ವಾಹಿನಿಗಳನ್ನು ಕೂಡಿಸಿ ಮೋನೋ ಮಾಡುವಾಗ 6 ಡೆಸಿಬಲ್ ಬೇಕಾಗುತ್ತದೆ; ಎರಡಕ್ಕೂ ರಾಜಿಯಾಗಿ 4.5 ಬಳಕೆಗೆ ಬಂದಿತು. ಹೀಗಾಗಿ ಒಂದು ತಂತ್ರಾಂಶದಲ್ಲಿ ಹದಗೊಳಿಸಿದ ಹಾಡನ್ನು ಬೇರೆ ನಿಯಮದ ಇನ್ನೊಂದರಲ್ಲಿ ತೆರೆದಾಗ ಗಾಯಕರ ದನಿ ಏರಿಯೋ ಇಳಿದೋ ಕೇಳುವುದುಂಟು.

ಸ್ಟೀರಿಯೋ ಟ್ರ್ಯಾಕಿನ ಸಮಸ್ಯೆ ಇದಕ್ಕಿಂತ ಗಂಭೀರವಾದುದು. ಎರಡು ಮೈಕುಗಳಿಂದ ಮುದ್ರಿಸಿದ ಪಿಯಾನೋವನ್ನು ಎಡಕ್ಕೆ ಸರಿಸಲು ಗುಂಡಿ ತಿರುಗಿಸಿದರೆ, ಅನೇಕ ತಂತ್ರಾಂಶಗಳಲ್ಲಿ ಬಲಗಡೆಯ ಮೈಕಿನ ಧ್ವನಿ ಎಡಕ್ಕೆ ಬರುವ ಬದಲು ಮಾಯವಾಗುತ್ತದೆ. ಅಲ್ಲಿ ಗುಂಡಿ ಮಾಡುವುದು ಸ್ಥಳಾಂತರವನ್ನಲ್ಲ, ಒಂದು ಬದಿಯ ಕಡಿತವನ್ನು. ಪ್ರೋ ಟೂಲ್ಸ್ ಎಂಬ ತಂತ್ರಾಂಶವು ಎರಡು ವಾಹಿನಿಗಳಿಗೂ ಪ್ರತ್ಯೇಕ ಗುಂಡಿಗಳನ್ನಿಟ್ಟು ಈ ತೊಡಕನ್ನು ಮೊದಲೇ ನಿವಾರಿಸಿತ್ತು. ಏಬಲ್ಟನ್ ಲೈವ್‌ನಲ್ಲಿ ಅಂಥ ಸೌಲಭ್ಯ ಸೇರಿದ್ದು 2018ರ ಹತ್ತನೆಯ ಆವೃತ್ತಿಯಲ್ಲಿ. ಈ ಜೋಡಿ ಗುಂಡಿಗಳು ಹಂಚುವುದೂ ಪ್ರಮಾಣವನ್ನೇ.