ಪೊಲೀಸರ ಬೈಕ್ ಕ್ಲಬ್: ಬ್ಯಾಂಗೋರ್‌ದಿಂದ ಭೀಮಾ ದಂಡಿತನಕ

ಇವತ್ತಿನ ಕಂತಿನಾಗ ಬುಲೆಟ್ ಸಪ್ಪಳ ಅದ, ಖಾಕಿ ಅದ, ಮತ್ತ 1966ರ ಒಂದು ಕಾನೂನೂ ಅದ. ಪೊಲೀಸರಿಗೂ ಬೈಕ್ ಕ್ಲಬ್ ಇರ್ತಾವ ಅಂತ ನಮ್ಮ ಮಣ್ಣೂರದ ಕಟ್ಟಿ ಮ್ಯಾಲ ಹೇಳಿ ನೋಡ್ರಿ, ನಗ್ತಾರ. "ಡ್ಯೂಟಿ ಮುಗಿಸಿ ಮನಿಗಿ ಹೋಗ್ಲಿಕ್ಕೇ ಅವರಿಗಿ ಟೈಮ್ ಇಲ್ಲ, ಕ್ಲಬ್ ಎಲ್ಲಿಂದು?" ಅಂತಾರ. ಅವರು ನಗೋದ್ರಾಗ ಅರ್ಥ ಅದ. ಅದಕ್ಕ ಆಮ್ಯಾಲ ಬರ್ತೀನಿ.

ಮೊದಲು ಕ್ಲಬ್ ಹುಟ್ಟಿದ ಜಾಗಕ್ಕ ಹೋಗೋಣ. ಅಮೆರಿಕದ ಮೇನ್ ರಾಜ್ಯದಾಗ ಬ್ಯಾಂಗೋರ್ ಅಂತ ಒಂದು ಊರು. 1974ರಲ್ಲಿ ಅಲ್ಲಿನ ಕೆಲವು ಪೊಲೀಸರು ಸೇರಿ 'ಬ್ಲೂ ನೈಟ್ಸ್' ಅನ್ನೋ ಮೋಟರ್‌ಸೈಕಲ್ ಕ್ಲಬ್ ಕಟ್ಟಿದರು. ಆ ಕಾಲ ನೆನಪಿಡ್ರಿ. 1947ರಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಊರಾಗ ಬೈಕ್ ಸವಾರರ ಗದ್ದಲ ಆದ ಮ್ಯಾಲ, ಗುಂಪಾಗಿ ಬೈಕ್ ಮ್ಯಾಲ ಬಂದವರನ್ನ ಕಂಡ್ರ ಅಮೆರಿಕದ ಮಂದಿ ಗೂಂಡಾಗಳು ಬಂದರು ಅನ್ನೋ ಹಂಗ ಆಗಿತ್ತು. ಆ ಗೂಂಡಾಗಳನ್ನ ಹಿಡಿಯೋ ಪೊಲೀಸರೇ ರಜಾ ದಿನ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಗುಂಪಾಗಿ ಬೈಕ್ ಓಡಿಸಿದ್ರ? ಅದೇ ಬ್ಲೂ ನೈಟ್ಸ್. ಕೆಲಸದಾಗ ಇದ್ದವರು, ನಿವೃತ್ತರು ಇಬ್ಬರಿಗೂ ಜಾಗ ಇತ್ತು. ಸವಾರಿ ಮಾಡೋದು, ದಾನಕ್ಕ ರೊಕ್ಕ ಕೂಡಿಸೋದು ಅವರ ಕೆಲಸ. ಈಗ 20ಕ್ಕೂ ಹೆಚ್ಚು ದೇಶದಾಗ ಅವರ ಶಾಖೆಗಳು ಅದಾವ.

ನಮ್ಮಲ್ಲಿ ಕಥಿ ಬ್ಯಾರೆ. ಇಲ್ಲಿ ಖಾಕಿಗೂ ಬೈಕಿಗೂ ನಂಟು ಬೆಳೆದದ್ದು ಹವ್ಯಾಸದಿಂದ ಅಲ್ಲ, ಸರ್ಕಾರದ ಆರ್ಡರ್‌ದಿಂದ. 1950ರ ದಶಕದ ನಡುವೆ ಸೈನ್ಯದ ಗಡಿ ಗಸ್ತಿಗಾಗಿ ಸರ್ಕಾರ 350 ಸಿಸಿಯ 800 ಬುಲೆಟ್ ತರಿಸಿತು. ಆಮ್ಯಾಲ ಮದ್ರಾಸಿನಾಗ ಎನ್‌ಫೀಲ್ಡ್ ಇಂಡಿಯಾ ಶುರು ಆಯ್ತು. ಪೊಲೀಸರ ಕೈಗೂ ಅದೇ ಗಾಡಿ ಬಂತು. ಆಗ ನಮ್ಮ ಕಲಬುರಗಿ ಇನ್ನೂ ಹೈದರಾಬಾದ್ ರಾಜ್ಯದಾಗ ಇತ್ತು, 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಸೇರಿತು. ಬೈಕ್ ಅಂದ್ರ ಸರ್ಕಾರಿ ಸ್ವತ್ತು. ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಪೆಟ್ರೋಲ್ ಕುಡೀತು ಅನ್ನೋದಕ್ಕ ಲೆಕ್ಕ ಕೊಡಬೇಕು. ಅದರ ಮ್ಯಾಲ ಸುಮ್ಮನೆ ಊರು ಸುತ್ತೋದು ಎಲ್ಲಿ ಬಂತು?

ಕರ್ನಾಟಕದಾಗ ಕ್ಲಬ್ಬಿಗೆ ಹತ್ತಿರದ್ದು ಅಂದ್ರ ಬೆಂಗಳೂರಿನ 'ಶ್ವೇತ ಅಶ್ವ'. ಸೈನ್ಯದ ಮಿಲಿಟರಿ ಪೊಲೀಸ್ ದಳದ ಸಾಹಸ ತಂಡ ಅದು, 1952ರಲ್ಲಿ ಶುರು ಆಗಿದ್ದು. ಅವರು ಸೈನ್ಯದ ಶಿಸ್ತು ನೋಡಿಕೊಳ್ಳೋ ಪೊಲೀಸರು, ನಮ್ಮ ಠಾಣೆಯವರಲ್ಲ. ಅದೇ ಬೆಂಗಳೂರಿನಾಗ ಸೈನ್ಯದ ಇನ್ನೊಂದು ತಂಡ 'ಟಾರ್ನೆಡೋಸ್' ಅದ. 2017ರ ನವೆಂಬರ್ 19ಕ್ಕ ಯಲಹಂಕದಾಗ ಒಂದೇ 500 ಸಿಸಿ ಬುಲೆಟ್ ಮ್ಯಾಲ 58 ಮಂದಿ ಹತ್ತಿ ವಿಶ್ವದಾಖಲೆ ಮಾಡಿದರು. (ನಮ್ಮೂರ ಜಾತ್ರಿಗಿ ಹೋಗೋ ಟಂಟಂ ನೋಡಿದವರಿಗಿ ಅದೇನು ದೊಡ್ಡದಲ್ಲ ಬಿಡ್ರಿ.) 2018ರ ಗಣರಾಜ್ಯೋತ್ಸವಕ್ಕ ಬಿಎಸ್‌ಎಫ್‌ನ ಹೆಣ್ಣುಮಕ್ಕಳ ತಂಡ 'ಸೀಮಾ ಭವಾನಿ' ರಾಜಪಥದಾಗ ಬೈಕ್ ಓಡಿಸಿತು. ಭಾಳ ಚಂದ. ಆದ್ರ ಇವೆಲ್ಲ ಡ್ಯೂಟಿನೇ ಅಲ್ಲೇನು? ಕ್ಲಬ್ ಅಂದ್ರ ಡ್ಯೂಟಿ ಬಿಟ್ಟು ಮಾಡೋದು.

ಹಂಗಾದ್ರ ಕರ್ನಾಟಕದ ಒಬ್ಬ ಕಾನ್‌ಸ್ಟೆಬಲ್ ಕ್ಲಬ್ ಸೇರಬಹುದೇನು? ಉತ್ತರ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆಯ 3ನೇ ಕಲಮಿನಾಗ ಅದ. ಸರ್ಕಾರದ ಅನುಮತಿ ಇಲ್ಲದ ಪೊಲೀಸರು ಕಾರ್ಮಿಕ ಸಂಘ ಸೇರಂಗಿಲ್ಲ, ರಾಜಕೀಯ ಸಂಘಟನೆ ಸೇರಂಗಿಲ್ಲ. ಸೇರಿದ್ರ 2 ವರ್ಷದತನಕ ಜೈಲು ಆಗಬಹುದು. ಆದ್ರ ಬರೀ ಸಾಮಾಜಿಕ, ಮನರಂಜನೆ ಇಲ್ಲಾ ಧಾರ್ಮಿಕ ಸ್ವರೂಪದ ಕೂಟಕ್ಕ ಈ ತಡೆ ಇಲ್ಲ. ಅಂದ್ರ ಕಾನೂನಿನ ಲೆಕ್ಕದಾಗ ಭಜನಾ ಮಂಡಳಿ ನಡೀತದ, ಬೈಕ್ ಕ್ಲಬ್ಬೂ ನಡೀತದ. ಆ ಕ್ಲಬ್ಬಿನಾಗ ಚಾ ಕುಡಿಯುವಾಗ ಯಾರರೆ "ವಾರದ ರಜಾ ಎಲ್ಲಿ?" ಅಂತ ಎಲ್ಲರ ಪರವಾಗಿ ಅರ್ಜಿ ಬರೀಲಿಕ್ಕ ಕೂತ್ರ ಆಗ ಅದು ಮನರಂಜನೆ ಹೌದೋ ಅಲ್ಲೋ ಅನ್ನೋ ತಕರಾರು ಬರ್ತದ.

ಆ ಗೆರಿ ಎಷ್ಟು ಸಣ್ಣದು ಅಂತ 2016ರಲ್ಲಿ ನೋಡಿದೆವು. ಸಂಬಳ, ರಜಾ, ಆರ್ಡರ್ಲಿ ಪದ್ಧತಿ ಅಂತ ರಾಜ್ಯದ ಪೊಲೀಸರು ಜೂನ್ 4ಕ್ಕ ಸಾಮೂಹಿಕ ರಜಾ ಹಾಕ್ತೀವಿ ಅಂದರು. ಸರ್ಕಾರ ಎಸ್ಮಾ ತಂದಿತು, ಮುಂದಾಳು ಶಶಿಧರ್ ಮ್ಯಾಲ ದೇಶದ್ರೋಹದ ಕೇಸು ಬಿತ್ತು, ಪ್ರತಿಭಟನೆ ಉಸಿರು ಕಳಕೊಂಡಿತು. ಸಂಬಳದ ಬಗ್ಗೆ ಔರಾದ್ಕರ್ ಸಮಿತಿ ವರದಿ ಕೊಟ್ಟಿತು, ಅದು ಜಾರಿ ಆಗಲಿಕ್ಕ 2019 ಬಂತು. ರಜಾ ಕೇಳಿದವರ ಮ್ಯಾಲ ದೇಶದ್ರೋಹ ಹಾಕಿದ್ದು ಅತಿ ಆಯ್ತು ಅಂತ ನನಗ ಆಗಲೂ ಅನಿಸಿತ್ತು, ಈಗಲೂ ಅನಸ್ತದ.

ಈಗ ಕಟ್ಟಿ ಮ್ಯಾಲಿನ ನಗುವಿಗೆ ಬರ್ತೀನಿ. ಬೆಂಗಳೂರಿನಾಗ ಚೀತಾ ಬೈಕ್ ಅಂದ್ರ ಟ್ರಾಫಿಕ್ ನಡುವೆ ನುಸುಳೋ ಗಾಡಿ. ನಮ್ಮ ಅಫಜಲಪುರ, ಜೇವರ್ಗಿ ಕಡಿ ಭೀಮಾ ನದಿ ಹರೀತದ, ನದಿಯೊಳಗ ಮರಳು ಅದ, ಮರಳಿನ ಹಿಂದ ರಾತ್ರಿ ಟ್ರ್ಯಾಕ್ಟರ್ ಅದಾವ. 2023ರ ಜೂನ್‌ದಾಗ ಜೇವರ್ಗಿ ತಾಲೂಕಿನ ನೆಲೋಗಿ ಠಾಣೆಯ ಒಬ್ಬ ಹೆಡ್ ಕಾನ್‌ಸ್ಟೆಬಲ್ ಅಕ್ರಮ ಮರಳಿನ ಟ್ರ್ಯಾಕ್ಟರ್ ಹರಿದು ಸತ್ತರು. ಅಂಥ ಟ್ರ್ಯಾಕ್ಟರ್ ಎದುರು ಬೈಕ್ ಮ್ಯಾಲ ನಿಲ್ಲೋದಂದ್ರ ಏನು ಅಂತ ನದಿ ದಂಡಿಯವರಿಗಿ ಬಿಡಿಸಿ ಹೇಳಬೇಕಿಲ್ಲ.

ಬ್ಯಾಂಗೋರ್‌ದವರಿಗಿ ಕ್ಲಬ್ ಕಟ್ಟಲಿಕ್ಕ ಬೇಕಾಗಿದ್ದು ಒಂದು ಬೈಕ್, ಒಂದು ಐತವಾರ. ನಮ್ಮ ಠಾಣೆಯವರ ಹತ್ರ ಬೈಕ್ ಅದ. ಕಾನೂನೂ ಅಡ್ಡಿ ಮಾಡಂಗಿಲ್ಲ. ಐತವಾರದ ಮಾತು ಮಾತ್ರ 2016ರಿಂದ ಹಂಗೇ ನಿಂತದ.