ಬೆಸುಗೆ ಯಂತ್ರದ ಬಗಲಿನ ಪ್ಲಗ್ ಪಾಯಿಂಟು: ಒಂದು ಚರಿತ್ರೆ

ಗದ್ದೆಗೆ ಹಾಯಿಸಿದ ನೀರಿನಲ್ಲಿ ಬದುವಿನ ಹುಲ್ಲೂ ಬದುಕುತ್ತದೆ. ಒಂದು ಕೆಲಸಕ್ಕೆಂದು ಮಾಡಿದ ಏರ್ಪಾಡಿನಿಂದ ಇನ್ನೊಂದು ಕೆಲಸವೂ ಸಾಗುವುದು ರೈತರಾದ ನಮಗೆ ಹೊಸದಲ್ಲ. ಸ್ಮರಣ ಸಂಚಿಕೆ ಎಂದ ಮೇಲೆ ಸಾಲ, ಠೇವಣಿ, ಷೇರು ಬಂಡವಾಳದ ಮಾತು ಇದ್ದೇ ಇರುತ್ತದೆ. ನಾವು ಇಲ್ಲಿ ಒಂದು ಯಂತ್ರದ ಕಥೆ ಹೇಳಲು ಹೊರಟಿದ್ದೇವೆ. ಎಂಜಿನ್‌ನಿಂದ ಓಡುವ ವೆಲ್ಡಿಂಗ್ ಜನರೇಟರನ್ನು ನೀವೆಲ್ಲ ನೋಡಿರುತ್ತೀರಿ. ಅದರ ಬಗಲಲ್ಲಿ ಒಂದೆರಡು ಪ್ಲಗ್ ಪಾಯಿಂಟುಗಳೂ ಇರುತ್ತವೆ. ಅವು ಅಲ್ಲಿಗೆ ಬಂದದ್ದು ಹೇಗೆ, ಅವುಗಳಿಂದ ಏನು ಮಾಡಬಹುದು, ಏನು ಮಾಡಬಾರದು ಅನ್ನೋದು ತಿಳಿದಿದ್ದರೆ ಮೋಟಾರೂ ಉಳೀತದೆ, ಜೀವವೂ ಉಳೀತದೆ.

ವಿದ್ಯುತ್ ಕಿಡಿಯಿಂದ ಕಬ್ಬಿಣ ಬೆಸೆಯುವ ವಿದ್ಯೆ ಬಹಳ ಹಳೆಯದೇನಲ್ಲ. ರಷ್ಯಾದ ನಿಕೊಲಾಯ್ ಬೆನಾರ್ಡೋಸ್ ಎಂಬಾತ 1880ರ ದಶಕದಲ್ಲಿ ಇಂಗಾಲದ ಕಡ್ಡಿಯಿಂದ ಕಿಡಿ ಹೊಡೆಸಿ ಲೋಹ ಕೂಡಿಸಿ ತೋರಿಸಿದ. ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ 1900ರ ದಶಕದಲ್ಲಿ ಲೇಪನ ಹಚ್ಚಿದ ಕಡ್ಡಿಯನ್ನು ತಂದ. ಇಂದು ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ರಾಡು ಅದರದೇ ಸಂತತಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಲಿಂಕನ್ ಎಲೆಕ್ಟ್ರಿಕ್ ಕಂಪನಿ 1895ರಲ್ಲಿ ಮೋಟಾರು ತಯಾರಿಸಲು ಶುರುವಾದದ್ದು. ಒಬ್ಬನೇ ಕೆಲಸಗಾರ ನಡೆಸಬಹುದಾದ, ಸಾಗಿಸಬಹುದಾದ ವೆಲ್ಡಿಂಗ್ ಯಂತ್ರವನ್ನು ಅದು 1911ರಲ್ಲಿ ಹೊರತಂದಿತು.

ಆದರೆ ಮುರಿದ ಕಬ್ಬಿಣ ಕರೆಂಟು ಇದ್ದಲ್ಲಿಗೇ ಬರುವುದಿಲ್ಲವಲ್ಲ! ಅಮೆರಿಕ ಎಂದರೆ ಎಲ್ಲೆಲ್ಲೂ ದೀಪ ಎಂದು ನಾವು ತಿಳಿದಿರುತ್ತೇವೆ. 1930ರ ದಶಕದ ಮೊದಲಲ್ಲಿ ಅಲ್ಲಿನ ಹತ್ತು ಹಳ್ಳಿ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟೇ ಇರಲಿಲ್ಲ. ದೂರದೂರದ ಮನೆಗಳಿಗೆ ಕಂಬ ನೆಟ್ಟರೆ ಲಾಭವಿಲ್ಲವೆಂದು ಖಾಸಗಿ ಕಂಪನಿಗಳು ಹಿಂದೆ ಸರಿದಿದ್ದವು. ಅನುಕೂಲವಿದ್ದ ರೈತರು 1916ರಲ್ಲಿ ಬಂದ ಡೆಲ್ಕೋ ಲೈಟ್ ಎಂಬ 32 ವೋಲ್ಟಿನ ಎಂಜಿನ್ ಯಂತ್ರ ಇಟ್ಟುಕೊಂಡು ದೀಪ ಹಚ್ಚುತ್ತಿದ್ದರು. ಹಳ್ಳಿಯ ಸಣ್ಣ ಲೈನಿಗೆ ಒಗ್ಗುವ ವೆಲ್ಡಿಂಗ್ ಯಂತ್ರ ಬೇಕೆಂದು ನೀಲ್ಸ್ ಮಿಲ್ಲರ್ 1929ರಲ್ಲಿ ವಿಸ್ಕಾನ್ಸಿನ್ ಪ್ರಾಂತ್ಯದಲ್ಲಿ ಕೆಲಸ ಆರಂಭಿಸಿದ. 1935ರಲ್ಲಿ ಸರ್ಕಾರವು ಗ್ರಾಮೀಣ ವಿದ್ಯುದೀಕರಣದ ಇಲಾಖೆಯನ್ನು ತೆರೆದು ಸಾಲ ಕೊಡಲು ಮುಂದೆ ಬಂದಾಗ, ಕಂಬ ನೆಟ್ಟು ತಂತಿ ಎಳೆದವರು ಯಾರು ಗೊತ್ತೇ? ಬಹುಪಾಲು ರೈತರ ಸಹಕಾರ ಸಂಘಗಳೇ! ಅದೇ ದಾರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು ಎಂಬುದು ಸಹಕಾರಿಗಳಾದ ನಮಗೆ ಹೆಮ್ಮೆಯ ಮಾತು.

ತಂತಿ ಮುಟ್ಟದ ಜಾಗಕ್ಕೆ ಎಂಜಿನ್ ಜೋಡಿಸಿದ ವೆಲ್ಡಿಂಗ್ ಯಂತ್ರವೇ ಗತಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಎಣ್ಣೆ ಹಡಗುಗಳನ್ನು ಮುಳುಗಿಸತೊಡಗಿದಾಗ, ಅಮೆರಿಕದವರು ಟೆಕ್ಸಾಸ್‌ನಿಂದ ಪೂರ್ವ ಕರಾವಳಿಯ ಕಡೆಗೆ 24 ಅಂಗುಲದ ಕೊಳವೆ ಸಾಲು ಹಾಕಿದರು. ‘ಬಿಗ್ ಇಂಚ್’ ಎಂದು ಅದಕ್ಕೆ ಹೆಸರು. 1942ರಲ್ಲಿ ಆರಂಭಿಸಿ 1943ರಲ್ಲಿ ಮುಗಿಸಿದ ಇದರ ಉದ್ದ ಸುಮಾರು 2,000 ಕಿಲೋಮೀಟರ್. ಇಂಥ ಕೊಳವೆ ಕೆಲಸಗಾರರಲ್ಲಿ ಮುಂದೆ ಲಿಂಕನ್ ಕಂಪನಿಯ ಎಸ್‌ಎ-200 ಯಂತ್ರ ಮನೆಮಾತಾಯಿತು.

ಪ್ಲಗ್ ಪಾಯಿಂಟಿನ ಕಥೆ ಇಲ್ಲಿದೆ. ಆ ಯಂತ್ರದ ದೊಡ್ಡ ಡೈನಮೊದಲ್ಲಿ ಕಾಂತಶಕ್ತಿ ಹುಟ್ಟಿಸಲು ಅದೇ ದಂಡದ ತುದಿಗೆ ಒಂದು ಪುಟ್ಟ ಡೈನಮೊ ಇತ್ತು. ಅದನ್ನು ಎಕ್ಸೈಟರ್ ಅಂತಾರೆ. ತನ್ನ ಕೆಲಸ ಮುಗಿದು ಅದರಲ್ಲಿ ಸ್ವಲ್ಪ ಕರೆಂಟು ಮಿಗುತ್ತಿತ್ತು. ಆ ಮಿಗತೆಯನ್ನೇ ಸುಮಾರು 115 ವೋಲ್ಟಿನ ಪ್ಲಗ್ಗಿಗೆ ಕೊಟ್ಟರು. ಕತ್ತಲಲ್ಲಿ ಒಂದು ಬಲ್ಬು, ಬೆಸುಗೆ ಉಜ್ಜಲು ಒಂದು ಗ್ರೈಂಡರು ನಡೆದರೆ ಸಾಕಿತ್ತು.

ಆದರೆ ಅದು ಡಿ.ಸಿ. ಕರೆಂಟು. ತಂತಿಯ ಬಲ್ಬಿಗೂ ಕಾರ್ಬನ್ ಬ್ರಷ್ಷಿನ ಗ್ರೈಂಡರಿಗೂ ಅದು ಆಗುತ್ತದೆ. ಫ್ಯಾನು, ಪಂಪು, ಟ್ರಾನ್ಸ್‌ಫಾರ್ಮರ್ ಇರುವ ಚಾರ್ಜರು ಹಾಕಿದರೆ ಸುತ್ತು ಕಾದು ಸುಟ್ಟು ಹೋಗ್ತದೆ. ಮನೆಯ ಸಾಮಾನ್ಯ ಸ್ವಿಚ್ಚು ಆರಿಸಿದರೂ ಒಳಗೆ ಕಿಡಿ ನಿಲ್ಲುವುದಿಲ್ಲ. ಪ್ಲಗ್ಗಿನ ಆಕಾರ ಒಂದೇ, ಒಳಗಿನ ಕರೆಂಟು ಬೇರೆ. ಹಳೆಯ ಯಂತ್ರ ಕೊಳ್ಳುವವರು ಎ.ಸಿ.ಯೋ ಡಿ.ಸಿ.ಯೋ ಎಂದು ಮೊದಲು ಫಲಕ ಓದಬೇಕು.

1960ರ ದಶಕದಿಂದೀಚೆಗೆ ಸಿಲಿಕಾನ್ ಡಯೋಡುಗಳು ಬಳಕೆಗೆ ಬಂದ ಮೇಲೆ, ಎ.ಸಿ. ಹುಟ್ಟಿಸಿ ಬೇಕಾದಷ್ಟನ್ನು ಡಿ.ಸಿ. ಮಾಡಿಕೊಳ್ಳುವ ಯಂತ್ರಗಳು ಹೆಚ್ಚಿದವು. ಪ್ಲಗ್ಗಿಗೆ ಮನೆಯಂಥದೇ ಎ.ಸಿ. ಸಿಕ್ಕಿತು. ಇದರ ಗುಟ್ಟು ಎಂಜಿನ್ನಿನ ವೇಗದಲ್ಲಿದೆ. ನಾಲ್ಕು ಧ್ರುವದ ಜನರೇಟರು ನಿಮಿಷಕ್ಕೆ 1,500 ಸುತ್ತು ತಿರುಗಿದರೆ ನಮ್ಮ 50 ಸೈಕಲ್ ಬರುತ್ತದೆ, 1,800 ತಿರುಗಿದರೆ ಅಮೆರಿಕದ 60 ಸೈಕಲ್. ಡೀಸೆಲ್ ಉಳಿಸಲು ವೇಗವನ್ನು 1,000ಕ್ಕೆ ಇಳಿಸಿದರೋ, 33 ಸೈಕಲ್ ಮಾತ್ರ! ವೋಲ್ಟೂ ಕುಸಿಯುತ್ತದೆ. ಪಂಪು ಗುಂಯ್‌ಗುಡುತ್ತಾ ನಿಂತಲ್ಲೇ ಬಿಸಿಯಾಗ್ತದೆ. ಲೋಡು ಬಿದ್ದಾಗ ತಾನಾಗಿ ವೇಗ ಏರಿಸಿಕೊಳ್ಳುವ ಯಂತ್ರಗಳಿವೆ. ಅವು ಸಣ್ಣ ಬಲ್ಬಿನಂಥ ಲೋಡನ್ನು ಕೆಲವೊಮ್ಮೆ ಗುರುತಿಸುವುದಿಲ್ಲ. ಆಗ ವೇಗದ ಸ್ವಿಚ್ಚನ್ನು ‘ಹೈ’ನಲ್ಲೇ ಇಡಬೇಕು.

ಇನ್ನು ಶಕ್ತಿಯ ಲೆಕ್ಕ. 200 ಆಂಪಿಯರ್, 28 ವೋಲ್ಟಿನಲ್ಲಿ ಬೆಸುಗೆ ಹಾಕಿದರೆ 5,600 ವ್ಯಾಟ್ ಅಲ್ಲೇ ಖರ್ಚು. 12 ಅಶ್ವಶಕ್ತಿಯ ಎಂಜಿನ್ ಕೊಡುವುದು ಸುಮಾರು 9,000 ವ್ಯಾಟ್. ಅದರಲ್ಲೂ ಜನರೇಟರು ಒಂದು ಪಾಲನ್ನು ಶಾಖವಾಗಿ ಕಳೆಯುತ್ತದೆ. ಆದ್ದರಿಂದ ಪೂರ್ತಿ ಬೆಸುಗೆ ನಡೆದಾಗ ಪ್ಲಗ್ಗಿಗೆ ಉಳಿಯುವುದು ಕಡಿಮೆ. ಫಲಕದಲ್ಲಿ ಬರೆದ ಪ್ಲಗ್ಗಿನ ಶಕ್ತಿ ಸಾಮಾನ್ಯವಾಗಿ ಬೆಸುಗೆ ನಿಂತಿರುವಾಗಿನದು. ಒಂದೇ ಜೇಬಿನ ದುಡ್ಡಲ್ಲಿ ಎರಡು ಸಂತೆ ಮಾಡಿದ ಹಾಗೆ. ಮೋಟಾರಿನದು ಇನ್ನೊಂದು ಹಠ. ಒಂದು ಅಶ್ವಶಕ್ತಿಯ ಪಂಪು ಓಡುವಾಗ ಸುಮಾರು 1,000 ವ್ಯಾಟ್ ಎಳೆದರೆ, ಹೊರಡುವ ಗಳಿಗೆಯಲ್ಲಿ ಅದರ ಐದಾರು ಪಟ್ಟು ಕರೆಂಟು ಕೇಳುತ್ತದೆ. ‘ಮೂರು ಕಿಲೋವ್ಯಾಟ್ ಇದೆಯಲ್ಲ, ಹಾಕಿ ಬಿಡೋಣ’ ಎಂದರೆ ನಡೆಯದು. ಎರಡು ಮೋಟಾರಿದ್ದರೆ ಒಂದಾದ ಮೇಲೆ ಒಂದು ಹೊರಡಿಸಬೇಕು. ಇತ್ತೀಚಿನ ಇನ್ವರ್ಟರ್ ಮಾದರಿಗಳಲ್ಲಿ ವೇಗ ಬದಲಾದರೂ ಕರೆಂಟು ಸ್ಥಿರವಾಗಿರುತ್ತದೆ ನಿಜ, ಆದರೆ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ.

ಕೊನೆಯದಾಗಿ ಜೀವದ ಮಾತು. ಒದ್ದೆ ನೆಲದಲ್ಲಿ ತಂತಿ ಸುಲಿದ ಗ್ರೈಂಡರು ಹಿಡಿದರೆ ಸಾಮಾನ್ಯ ಫ್ಯೂಸು ಕಾಪಾಡುವುದಿಲ್ಲ, ಮನುಷ್ಯನನ್ನು ಕೊಲ್ಲಲು ಸಾಕಾಗುವ ಕರೆಂಟು ಫ್ಯೂಸಿಗೆ ಲೆಕ್ಕಕ್ಕೇ ಬಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಇದನ್ನೇ ಅಭ್ಯಾಸ ಮಾಡಿ, ಸುಮಾರು 5 ಮಿಲಿ ಆಂಪಿಯರ್ ಸೋರಿದರೂ ಕಡಿದು ಹಾಕುವ ಸಾಧನವನ್ನು 1961ರಲ್ಲಿ ರೂಪಿಸಿದ. ನಮ್ಮಲ್ಲಿ 30 ಮಿಲಿ ಆಂಪಿಯರಿನ ಸೋರಿಕೆ ತಡೆ ಬ್ರೇಕರ್ ಸಿಗುತ್ತದೆ. ಯಂತ್ರದಲ್ಲಿ ಅಂಥದ್ದು ಇಲ್ಲದಿದ್ದರೆ, ತಿಳಿದ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಸಮೇತ ಹಾಕಿಸಬೇಕು.

ಇನ್ನೊಂದು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕರೆಂಟು ಹೋದಾಗ ಈ ಪ್ಲಗ್ಗಿನಿಂದ ನೇರ ಮನೆಯ ವೈರಿಂಗಿಗೆ ಜೋಡಿಸಬಾರದು. ಅದು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಾಗಿ ಕಂಬ ಏರುತ್ತದೆ. ‘ಲೈನು ಸತ್ತಿದೆ’ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ನಮ್ಮ ಊರಿನ ಮಗನೇ ಆಗಿರಬಹುದು. ಚೇಂಜ್ ಓವರ್ ಸ್ವಿಚ್ ಇಲ್ಲದೆ ಈ ಕೆಲಸ ಬೇಡವೇ ಬೇಡ. ಹಾಗೆಯೇ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುನ್ಸೂಚನೆಯೂ ಇಲ್ಲ.

ನೆರೆ ಬಂದು ಕಂಬ ಉರುಳಿದಾಗ, ಹೊಲದ ನಡುವೆ ಟ್ರೇಲರ್ ಮುರಿದಾಗ, ಇಂಥ ಒಂದು ಯಂತ್ರ ಇಡೀ ಊರಿಗೆ ಆಸರೆ. ಒಬ್ಬೊಬ್ಬರೇ ಕೊಳ್ಳುವುದು ಭಾರವಾದರೂ ಸಂಘದ ಮೂಲಕ ಕೊಂಡು ಬಾಡಿಗೆಗೆ ಕೊಡುವುದು ಅಸಾಧ್ಯವಲ್ಲ. ಕೊಳ್ಳುವ ದಿನ ಬಂದರೆ, ಪ್ಲಗ್ಗಿನ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಬರೆಸೋಣ: ಎಷ್ಟು ವ್ಯಾಟ್, ಎಷ್ಟು ವೇಗ, ಬೆಸುಗೆ ನಡೆಯುವಾಗ ಎಷ್ಟು, ಮನೆ ಲೈನಿಗೆ ಜೋಡಿಸಬೇಡಿ. ಇಪ್ಪತ್ತೈದು ವರ್ಷ ಲೆಕ್ಕದ ಪುಸ್ತಕ ಜೋಪಾನ ಮಾಡಿದ ಸಂಘಕ್ಕೆ ಈ ನಾಲ್ಕು ಸಾಲು ಭಾರವಾಗದು ಎಂದು ನಾವು ನಂಬಿದ್ದೇವೆ.