ತಂಗಡಿ ಚಕ್ಕೆಯ ತೊಗಲು

ಚಿತ್ರದುರ್ಗದ ಅಂಗಡಿಯೊಂದರಲ್ಲಿ ತೊಗಲಿನ ಜಾಕೆಟ್ಟು ನೇತುಹಾಕಿದ್ದರು. ಕಂದು ಬಣ್ಣ, ಮೊಣಕೈ ಹತ್ತಿರ ಬೇಕಂತಲೇ ಉಜ್ಜಿ ಮಾಸಿಸಿದ್ದು. ಹಳೇ ಕಾಲದ ವಿಮಾನದ ಸಿಪಾಯಿಗಳ ಮಾದರಿ ಅಂತ ಅಂಗಡಿಯವನು ಹೇಳಿದ. ನಿಜವೇ. ಅಮೆರಿಕದ ಸೇನೆ 1931ರಲ್ಲಿ ತನ್ನ ವಿಮಾನದವರಿಗೆ ಗೊತ್ತುಮಾಡಿದ ಎ-2 ಜಾಕೆಟ್ಟಿನ ನಕಲು ಅದು. ಮೂಲದ್ದನ್ನು ಕುದುರೆ ತೊಗಲಲ್ಲಿ, ಮೇಕೆ ತೊಗಲಲ್ಲಿ ಹೊಲಿಯುತ್ತಿದ್ದರು. ನಮ್ಮ ಜೊತೆಗಿದ್ದ ಹೊಳಲ್ಕೆರೆ ಕಡೆಯ ನಮ್ಮ ತಾತ ಹೆಬ್ಬೆರಳಲ್ಲಿ ಒತ್ತಿ ನೋಡಿದ, ಮೂಸಿ ನೋಡಿದ. "ಇದು ಮುದಿಯಾಗಲ್ಲ ಕಣ್ರೋ, ಸಾಯ್ತದೆ ಅಷ್ಟೆ" ಅಂತ ಕೈಬಿಟ್ಟ.

ಗೆಳೆಯರೆ, ಆ ಒಂದು ಮಾತಿನ ಹಿಂದೆ ನಮ್ಮ ಕೇರಿಗಳ ನೂರಾರು ವರ್ಷದ ವಿದ್ಯೆ ಇದೆ. ದುರ್ಗದ ಚರಿತ್ರೆ ಬರೆದವರು ಏಳು ಸುತ್ತಿನ ಕೋಟೆ ಎಣಿಸಿದರು, 1779ರಲ್ಲಿ ಹೈದರಾಲಿ ಅದನ್ನು ಹಿಡಿದದ್ದು ಬರೆದರು. ಆ ಕೋಟೆಯೊಳಗಿನವರ ಕಾಲಿನ ಮೆಟ್ಟು, ಎತ್ತಿನ ಕೊರಳ ಮಿಣಿ ಯಾರ ಕೈಯಲ್ಲಿ ಆಯಿತು ಅಂತ ಕೇಳಲಿಲ್ಲ. ಕೇಳಿದವನು ಹೊರಗಿನವನು. 1800ರಲ್ಲಿ ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮೈಸೂರು ಸೀಮೆ ಸುತ್ತಲು ಹೊರಟ. ಮರುವರ್ಷ ದುರ್ಗ, ಹಿರಿಯೂರುಗಳಿಗೂ ಬಂದ. ಬೆಂಗಳೂರು ಕಡೆಯ ಮಾದಿಗರು ತೊಗಲು ಹದ ಮಾಡುವುದನ್ನು ಕೂತು ನೋಡಿ ಬರೆದುಕೊಂಡ. ಕುರಿ ಮೇಕೆ ತೊಗಲಿಗೆ ಎಕ್ಕದ ಹಾಲು, ಉಪ್ಪು, ರಾಗಿ ಸಂಕಟಿ ಕಲಸಿ ತಿಕ್ಕುವುದು; ಎತ್ತಿನ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆತ್ತಿ, ತಂಗಡಿ ಚಕ್ಕೆಯ ನೀರಿಗೆ ಹಾಕುವುದು. ತಾನು ಉಣ್ಣುವ ಮುದ್ದೆಯಲ್ಲೇ ಒಂದು ಪಾಲು ತೊಗಲಿಗೂ ಉಣ್ಣಿಸಿದ ಜನ ನಾವು.

ತಂಗಡಿ ಅಂದರೆ ಆವರಿಕೆ. ಹಿರಿಯೂರು, ಹೊಸದುರ್ಗದ ಬೆದ್ದಲು ಹೊಲಗಳ ಬದುವಿನಲ್ಲಿ ಮಳೆಯಿರಲಿ ಬಿಡಲಿ ಹಳದಿ ಹೂ ಬಿಡುತ್ತದಲ್ಲ, ಅದೇ. ಅದರ ಚಕ್ಕೆಯ ಒಗರು ತೊಗಲಿನ ಎಳೆ ಎಳೆಯೊಳಗೆ ಇಳಿದು ಅದನ್ನು ಕೊಳೆಯದಂತೆ ಕಾಯುತ್ತದೆ. ತೊಗಲನ್ನು ಚೀಲದ ಹಾಗೆ ಹೊಲಿದು, ಒಳಗೆ ಚಕ್ಕೆಯ ನೀರು ತುಂಬಿ, ಮರದ ಕೊಂಬೆಗೆ ನೇತುಹಾಕುತ್ತಿದ್ದರು. ನೀರು ತೊಟ್ಟಿಕ್ಕುತ್ತಾ ತೊಗಲನ್ನು ಹಾಯುತ್ತಿತ್ತು. ವಾರಗಟ್ಟಲೆ ಹಿಡಿಯುವ ಕೆಲಸ. ಹೀಗೆ ಹದವಾದ ತೊಗಲು ಮೊದಲು ಬಿರುಸು, ಮೈಗೆ ಒಗ್ಗಲ್ಲ. ಬಿಸಿಲು, ಬೆವರು, ಹೊಂಗೆ ಎಣ್ಣೆ ಕುಡಿದು ವರ್ಷದಿಂದ ವರ್ಷಕ್ಕೆ ಮೆತ್ತಗಾಗುತ್ತದೆ, ಬಣ್ಣ ಗಟ್ಟಿಯಾಗುತ್ತದೆ. ಗೀರು ಬಿದ್ದರೆ ಕೈಯಲ್ಲಿ ಉಜ್ಜಿದರೆ ಒಳಗೇ ಅಡಗುತ್ತದೆ. ಇವತ್ತು ಜಗತ್ತಿನ ಪೇಟೆಗಳಲ್ಲಿ ಹಳತಾದಷ್ಟೂ ಚಂದ ಅಂತ ದುಪ್ಪಟ್ಟು ಬೆಲೆಗೆ ಮಾರುವುದು ಈ ಗುಣವನ್ನೇ.

ಅಂಗಡಿಯ ಜಾಕೆಟ್ಟನ್ನು ತಾತ ಸಾಯ್ತದೆ ಅಂದದ್ದು ಯಾಕೆ? ಅದರ ಮೇಲೆ ಬಣ್ಣದ ದಪ್ಪ ಪೊರೆ ಬಳಿದಿತ್ತು. ತೊಗಲಿನ ಕೂದಲು ಮಗ್ಗುಲನ್ನು, ಅಂದರೆ ಅದರ ಗಟ್ಟಿ ಮುಖವನ್ನು, ಉಜ್ಜಿ ತೆಗೆದು ಕಲೆ ಮುಚ್ಚುತ್ತಾರೆ. ಅಂಥ ತೊಗಲು ಬಿರಿದು ಸಿಪ್ಪೆ ಏಳುತ್ತದೆ. ಕಲೆಯಿದ್ದರೆ ಇರಲಿ. ಉಣ್ಣೆ ಕಚ್ಚಿದ ಗುರುತು, ಬೇಲಿ ಮುಳ್ಳು ಗೀರಿದ ಗೆರೆ ಕಾಣುವ ತೊಗಲೇ ಪೂರಾ ತೊಗಲು. ಬೆನ್ನಿನ ಭಾಗ ಒತ್ತು, ಹೊಟ್ಟೆಯ ಭಾಗ ಸಡಿಲ. ಬೆನ್ನಿಂದು ಎದೆಗೆ ಬೆನ್ನಿಗೆ ಬರಬೇಕು, ಹೊಟ್ಟೆಯದು ಕಾಣದ ಕಡೆ. ಕುರಿ ತೊಗಲು ಮೆತ್ತಗೆ, ಬೇಗ ಹರಿಯುತ್ತದೆ. ಮೇಕೆಯದು ತೆಳು, ಆದರೂ ಜಗ್ಗಲ್ಲ. ಜಾಕೆಟ್ಟಿಗೆ ನಮ್ಮ ಸೀಮೆಯಲ್ಲಿ ಅದೇ ಸರಿ.

ಈ ವಿದ್ಯೆ ಕೇರಿಯಿಂದ ಹೇಗೆ ಹೋಯಿತು? ಒಬ್ಬ ಮನುಷ್ಯನ ಕಥೆಯಲ್ಲೇ ಅರ್ಧ ಸಿಗುತ್ತದೆ. ಕ್ರೋಮ್ ಉಪ್ಪಿನಲ್ಲಿ ತೊಗಲು ಹದ ಮಾಡುವುದಕ್ಕೆ ಅಮೆರಿಕದಲ್ಲಿ 1884ರಲ್ಲೇ ಪೇಟೆಂಟ್ ಆಗಿತ್ತು. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಅದನ್ನು ಮದರಾಸಿನಲ್ಲಿ 1903ರ ಸುಮಾರಿಗೆ ಬೆಳೆಸಿದವನು ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್. ನೀರಲ್ಲಿ ಬೇಗ ಕೊಳೆಯಲ್ಲ ಅಂತ ಕಪಿಲೆ ಬಾವಿಯ ಚೀಲಕ್ಕೆ ಕ್ರೋಮ್ ತೊಗಲು ತಂದ. ಅವನೇ ಬಾವಿಗಳಿಗೆ ಎಣ್ಣೆ ಎಂಜಿನ್ನಿನ ಪಂಪನ್ನೂ ತಂದ! 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ. ಅಷ್ಟು ಹೊತ್ತಿಗೆ, 1907ಕ್ಕೆ, ಹಿರಿಯೂರಿನ ಹತ್ತಿರ ಮಾರಿಕಣಿವೆ ಕಟ್ಟೆಯೂ ಮುಗಿದಿತ್ತು. ಕಾಲುವೆ ನೀರಿಗೆ ತೊಗಲಿನ ಚೀಲ ಬೇಡ. ಆಮೇಲೆ ಕರೆಂಟಿನ ಪಂಪ್‌ಸೆಟ್ಟು, ಪ್ಲಾಸ್ಟಿಕ್ ಚಪ್ಪಲಿ, ನೈಲಾನ್ ಹಗ್ಗ. ಕಣದಲ್ಲಿ ಕೊಡುತ್ತಿದ್ದ ಆಯದ ರಾಗಿ ನಿಂತಿತು. ಅಸ್ಪೃಶ್ಯತೆ ಮಾತ್ರ ನಿಲ್ಲಲಿಲ್ಲ.

ತಂಗಡಿಯ ತೊಗಲಿಗೆ ಹೊರಗೆ ಬೆಲೆ ಇರಲಿಲ್ಲವೇ? ಇತ್ತು. ಮದರಾಸಿನಿಂದ ಲಂಡನ್ನಿಗೆ ಹಡಗಿನಲ್ಲಿ ಹೋಗುತ್ತಿತ್ತು. 1914–18ರ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿಗೆ ಬೇಕು ಅಂತ ಸರ್ಕಾರವೇ ಆ ವ್ಯಾಪಾರವನ್ನು ಕೈಗೆ ತೆಗೆದುಕೊಂಡಿತು. ಲಾಭ ಹೋದದ್ದು ಮಂಡಿಯವರಿಗೆ, ಕಾರ್ಖಾನೆ ಇಟ್ಟವರಿಗೆ. ಸುಣ್ಣದ ಗುಂಡಿಗೆ ಇಳಿದವರ ಕಾಲು ಬೆಂದದ್ದಷ್ಟೇ ಉಳಿಯಿತು.

ಇಲ್ಲಿ ನಮ್ಮೊಳಗಿನ ಜಗಳವನ್ನೂ ಹೇಳಬೇಕು. 1927ರ ಮಾರ್ಚಿಯಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂದರು. ನಮ್ಮ ಚಳವಳಿಯೂ ಸತ್ತ ದನ ಎತ್ತಲ್ಲ, ತಮಟೆ ಹೊಡೆಯಲ್ಲ ಅಂತ ಊರೂರಲ್ಲಿ ಹೇಳಿತು. ಸರಿಯಾಗೇ ಹೇಳಿತು. ಯಾಕಂದ್ರೆ ಅದು ಬಿಟ್ಟಿ ಚಾಕರಿ. ಮಾಡದಿದ್ದರೆ ಹೊಡೆತ, ಮಾಡಿದರೆ ಮೈಲಿಗೆ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ತೊಗಲು ಸುಲಿದ ನಮ್ಮ ಹುಡುಗರನ್ನು ಕಟ್ಟಿ ಬಡಿದದ್ದು ನೋಡಿದ್ದೇವೆ. ಕೆಲಸ ಬಿಟ್ಟದ್ದಕ್ಕೆ ನಮಗೆ ವಿಷಾದವಿಲ್ಲ. ಆದರೆ ಕೆಲಸದ ಜೊತೆ ಅದರ ತಿಳಿವಳಿಕೆಯನ್ನೂ ಹೊಲಸು ಅಂತ ಹೊರಗೆ ಹಾಕಿದೆವಲ್ಲ, ಅದು ಮೇಲ್ಜಾತಿಯವರ ಕಣ್ಣಿಂದ ನಮ್ಮನ್ನು ನಾವು ನೋಡಿಕೊಂಡದ್ದು. ಕಾಲೇಜಿನ ರಸಾಯನಶಾಸ್ತ್ರದಲ್ಲಿ ಟ್ಯಾನಿನ್ ಅಂತ ಓದಿ ಪಾಸಾದೆವು. ಅದು ತಾತನ ಅಂಗೈಯ ಕರೆ ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹರಳಯ್ಯನ ಕಥೆ ಎಲ್ಲರೂ ಹೇಳುತ್ತಾರೆ. ತನ್ನ, ಹೆಂಡತಿ ಕಲ್ಯಾಣಮ್ಮನ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಅಂತ ಭಕ್ತಿಯಿಂದ ಕಣ್ಣೀರು ಹಾಕುತ್ತಾರೆ. ಕಥೆಯಲ್ಲೂ ಒಳ್ಳೆಯ ತೊಗಲು ಬೇಕಾದರೆ ನಮ್ಮ ಮೈಯದೇ ಆಗಬೇಕೇನು?

ಕರ್ನಾಟಕ ಸರ್ಕಾರ 1976ರಲ್ಲಿ ಚರ್ಮೋದ್ಯಮಕ್ಕೆ ನಿಗಮ ಮಾಡಿತು; ಲಿಡ್ಕರ್ ಮಳಿಗೆಗಳು ಅದರದ್ದೇ. 2021ರ ಜನವರಿಯಲ್ಲಿ ಬಂದ ಗೋಹತ್ಯೆ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ದನ ಕಡಿಯುವಂತಿಲ್ಲ. ಇತ್ತ ನಿಗಮ, ಅತ್ತ ಕಾನೂನು. ನಡುವೆ ರಂಪಿಗೆ ಹಿಡಿದು ರಸ್ತೆ ಬದಿ ಕೂತ ನಮ್ಮವರು.

ನಾವೂ ಜಾಕೆಟ್ಟು ತೊಡಬೇಕು ಅಂತ ನಿರ್ಧಾರ ಮಾಡಿದ್ದೇವೆ. ಹದ ಮಾಡಿದ ಕುಲ ಮೈಮೇಲೆ ಹಾಕಿಕೊಂಡದ್ದಿಲ್ಲ, ಅದಕ್ಕೇ. ಮೇಕೆ ತೊಗಲು, ಚಕ್ಕೆಯಲ್ಲಿ ಹದವಾದದ್ದು, ಪೊರೆ ಬಳಿಯದ್ದು. ಕೇಳುವಾಗ ಒಂದು ಚೂರು ಕತ್ತರಿಸಿಕೊಂಡು ಬನ್ನಿ. ಕುದಿಯುವ ನೀರಿಗೆ ಹಾಕಿದರೆ ಚಕ್ಕೆಯದು ಮುದುರಿಕೊಳ್ಳುತ್ತದೆ, ಕ್ರೋಮಿನದು ಹಾಗೇ ಇರುತ್ತದೆ. ಸುಟ್ಟರೆ ಕ್ರೋಮಿನ ಬೂದಿ ಹಸಿರು ಹೊಡೆಯುತ್ತದೆ. ಕ್ರೋಮಿನದೆಲ್ಲ ಕೆಟ್ಟದ್ದೇನಲ್ಲ, ಮಳೆಗೆ ಅದೇ ವಾಸಿ. ಮುದಿಯಾಗುವ ಚಂದ ಮಾತ್ರ ಚಕ್ಕೆಯದೇ.

ಅಂಥ ಜಾಕೆಟ್ಟಿನ ಬೆಲೆ ತಾತನಿಗೆ ಹೇಳಿದೆವು. ತುಸು ಹೊತ್ತು ಸುಮ್ಮನಿದ್ದ. ಆಮೇಲೆ, ಅಷ್ಟು ದುಡ್ಡಿಗೆ ಆಯದ ರಾಗಿ ಎಷ್ಟು ವರ್ಷದ್ದಾಗ್ತದೆ ಅಂತ ಬೆರಳು ಮಡಿಸುತ್ತಾ ಕೂತ.